ದಾದರ್ ಸೇತುವೆಯ ಆಮ್ಲಪಾಠ

ಸಾವಯವ ರಸಾಯನಶಾಸ್ತ್ರವನ್ನು ನಾನು ಬಾಯಿಪಾಠ ಮಾಡಿದ್ದು ಕಾಲೇಜಿನಲ್ಲಿ, ಕಲಿತದ್ದು ದಾದರ್ ಸ್ಟೇಶನ್ನಿನ ಸೇತುವೆಯ ಮೇಲೆ. ನಾನೂ, ನನಗೆ ಅದನ್ನು ಕಲಿಸಿದ ನಮ್ಮ ಹಿರಿಯ ಕೆಮಿಸ್ಟರೂ ಮುಂಬಯಿಯ ಮುಲುಂಡಿನಲ್ಲಿ ಇದ್ದವರು. ಇಬ್ಬರ ಕೆಲಸವೂ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕೆಮಿಕಲ್ ಕಾರ್ಖಾನೆಯ ಲ್ಯಾಬಿನಲ್ಲಿ. ಕಾಂದಿವಲಿಯಿಂದ ದಾದರಿನವರೆಗೆ ಒಂದು ಲೋಕಲ್, ಅಲ್ಲಿ ಸೇತುವೆ ದಾಟಿ ಮುಲುಂಡಿಗೆ ಇನ್ನೊಂದು. ಗಾಡಿಯೊಳಗೆ ನಾನು ಲೇಡೀಸ್ ಡಬ್ಬಿಯಲ್ಲಿ, ಅವರು ಜೆಂಟ್ಸ್‌ನಲ್ಲಿ. ಲ್ಯಾಬಿನಲ್ಲಿ ಮಾತಾಡಲು ಪುರುಸೊತ್ತಿಲ್ಲ. ಹಾಗಾಗಿ ಪಾಠ ಹೇಳಲು ಅವರಿಗೂ ಜಗಳ ತೆಗೆಯಲು ನನಗೂ ಸಿಗುತ್ತಿದ್ದದ್ದು ಸೇತುವೆಯ ಮೇಲಿನ ಆ ಏಳೆಂಟು ನಿಮಿಷ ಮಾತ್ರ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಎಂಬತ್ತು ದಾಟಿತ್ತು, ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ. ಪುಣ್ಯವಂತರ ಸಾವು ಎಂದು ಎಲ್ಲರೂ ಅಂದರು. ನನಗೆ ಅಳು ಬರಲಿಲ್ಲ. ಅಳುವ ಬದಲು ಅವರ ಬಗ್ಗೆ ಬರೆಯೋಣ ಅನ್ನಿಸಿತು. ಹೆಸರು ಬರೆಯುವುದಿಲ್ಲ. "ಹೆಸರು ಬಾಟ್ಲಿಗಿರಬೇಕು, ಮನುಷ್ಯನಿಗೆ ಕೆಲಸ ಇದ್ರೆ ಸಾಕು" ಎಂದು ಅವರೇ ಹೇಳುತ್ತಿದ್ದರು.

ಕಾರ್ಖಾನೆಯಲ್ಲಿ ಅವರನ್ನು ಕರೆಯುತ್ತಿದ್ದದ್ದು ಲೇಯರ್‌ಕಾಕಾ ಎಂದು. ನಮ್ಮ ಕೆಲಸ ಬಹುಮಟ್ಟಿಗೆ ಎಣ್ಣೆ-ನೀರಿನ ಕೆಲಸ. ಒಂದು ಗಾಜಿನ ಪಾತ್ರೆಯಲ್ಲಿ ಮೇಲೆ ದ್ರಾವಕದ ಪದರ, ಕೆಳಗೆ ನೀರಿನ ಪದರ. ಬೇಕಾದ ಸರಕು ಒಂದರಲ್ಲಿರುತ್ತದೆ, ಬೇಡದ ಕಶ್ಮಲ ಇನ್ನೊಂದರಲ್ಲಿ. ಬೇಡದ್ದನ್ನು ಯಾರಾದರೂ ಮೋರಿಗೆ ಸುರಿದು ಕೈತೊಳೆದುಕೊಳ್ಳುತ್ತಾರೆ. ಇವರು ಮಾತ್ರ ಸುರಿಯಗೊಡುತ್ತಿರಲಿಲ್ಲ. ಒಳಗಿನಿಂದಲೇ "ಲೇಯರ್ ಫೇಕೂ ನಕಾ!" ಎಂದು ಕೂಗುತ್ತಿದ್ದರು, ಪದರ ಎಸೆಯಬೇಡಿ ಅಂತ. ಎಲ್ಲವೂ ದೊಡ್ಡ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಸಾಲಾಗಿ ನಿಲ್ಲಬೇಕು. ಒಳಗೆ ಹೋದ ತೂಕ, ಹೊರಗೆ ಬಂದ ತೂಕ ತಾಳೆಯಾದ ಮೇಲೆ ಅವರು ಬಂದು ಕ್ಯಾನಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಟಿಕ್ ಹಾಕಬೇಕು. ಟಿಕ್ ಬಿದ್ದರೆ ಮಾತ್ರ ಮೋರಿ. ಸೀಮೆಸುಣ್ಣದ ತುಂಡು ಸದಾ ಅಂಗಿಯ ಜೇಬಿನಲ್ಲಿ. ಆ ಜೇಬುಗಳಿಗೆಲ್ಲ ಆಸಿಡ್ಡು ತಿಂದ ತೂತುಗಳು, ತೂತುಗಳಿಗೆಲ್ಲ ಅವರ ಹೆಂಡತಿ ಹಾಕಿದ ಹೊಲಿಗೆಗಳು.

"ಮನೇಲೂ ಹೀಗೇ ಕಣೇ," ಎಂದು ಆಕೆ ಒಮ್ಮೆ ನನ್ನ ಹತ್ತಿರ ಗೋಳು ತೋಡಿಕೊಂಡಿದ್ದರು. "ಅಕ್ಕಿ ತೊಳೆದ ನೀರು ಚೆಲ್ಲೋಕ್ ಹೋದ್ರೂ, ತಡಿಯೇ ತಡಿಯೇ ಅಂತ ಎದ್ದು ಬರ್ತಾರೆ."

ನಮ್ಮ ಲೇಯರ್‌ಕಾಕಾ ಮೈಸೂರು ಕಡೆಯವರು. ಮಾತು ಮೆತ್ತಗೆ, ನಡಿಗೆ ಮೆತ್ತಗೆ, ಆದರೆ ಅಂಕಿಯ ವಿಷಯದಲ್ಲಿ ಕಲ್ಲು. ಒಮ್ಮೆ ಒಂದು ಸರಕಿನ ಶುದ್ಧತೆ ಗಿರಾಕಿ ಕೇಳಿದ್ದಕ್ಕಿಂತ ಒಂದು ಪಾಯಿಂಟ್ ಕಡಿಮೆ ಬಂತು. ಮಾಲೀಕ ಶೇಟ್ ಖುದ್ದಾಗಿ ಬಂದು ಹೆಗಲ ಮೇಲೆ ಕೈಹಾಕಿ, "ಒಂದು ಪಾಯಿಂಟ್‌ನಲ್ಲಿ ಏನಿದೆ, ಬರೆದುಬಿಡಿ" ಎಂದು ಹಿಂದಿಯಲ್ಲಿ ಪುಸಲಾಯಿಸಿದ. ಇವರು ಪೆನ್ನನ್ನು ಅವನ ಕೈಗೇ ಕೊಟ್ಟು, "ಆಪ್ ಲಿಖಿಯೇ, ಶೇಟ್. ಸಹೀ ಭೀ ಆಪ್ ಕೀಜಿಯೇ" ಎಂದರು. ನೀವೇ ಬರೆಯಿರಿ, ರುಜುವನ್ನೂ ನೀವೇ ಹಾಕಿ ಅಂತ. ಶೇಟ್ ಪೆನ್ನು ಮೇಜಿನ ಮೇಲಿಟ್ಟು ಹೋದ. ಈ ಸಂಗತಿ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ನಮ್ಮಪ್ಪ ಬಿಜಾಪುರ ಕಡೆಯಿಂದ ಬಂದ ಗೌಂಡಿ. ಮುಲುಂಡಿನ ಎಷ್ಟೋ ಬಿಲ್ಡಿಂಗುಗಳ ಗೋಡೆಗೆ ಬಳಿದ ಗಿಲಾವು ಅವನ ಕೈಯದು. ಅವರು ಎರಡನೇ ಮಹಡಿಯಲ್ಲಿದ್ದ ಬಿಲ್ಡಿಂಗೂ ಅಪ್ಪ ಕಟ್ಟಿದ್ದೇ. ಅಲ್ಲಿ ಬಚ್ಚಲ ಗೋಡೆ ಸೋರಿದಾಗ ರಿಪೇರಿಗೆ ಹೋದ ಅಪ್ಪ, ಕನ್ನಡ ಮಾತಾಡುವವರು ಸಿಕ್ಕ ಖುಷಿಗೆ ನನ್ನ ವಿಷಯ ತೆಗೆದ. ಮಗಳು ಬಿ.ಎಸ್‌ಸಿ. ಆಗಿದ್ದಾಳೆ, ಎಲ್ಲಿಯೂ ಕೆಲಸ ಕೊಡುತ್ತಿಲ್ಲ ಎಂದು. ಮರುದಿನ ನಾನು ಸರ್ಟಿಫಿಕೇಟು ಹಿಡಿದು ಅವರ ಮುಂದೆ ನಿಂತಿದ್ದೆ. ಅವರು ಸರ್ಟಿಫಿಕೇಟು ನೋಡಲಿಲ್ಲ.

"ವಿನೆಗರ್ ಹುಳಿ. ಬ್ರಾಂದಿ ಹುಳಿ ಅಲ್ಲ. ಎರಡ್ರಲ್ಲೂ ಆಕ್ಸಿಜನ್ನಿಗೆ ಒಂದು ಹೈಡ್ರೋಜನ್ ಅಂಟ್ಕೊಂಡಿದೆ ತಾನೆ? ಒಂದು ಯಾಕೆ ಆಸಿಡ್ ಆಯ್ತು, ಇನ್ನೊಂದು ಯಾಕೆ ಆಗ್ಲಿಲ್ಲ?" ಎಂದು ಕೇಳಿದರು.

ನಾನು ಕಣ್ಣುಮುಚ್ಚಿ ಪಠ್ಯಪುಸ್ತಕದ ಇಂಗ್ಲಿಷ್ ವ್ಯಾಖ್ಯೆಯನ್ನು ಉಸಿರುಬಿಡದೆ ಒಪ್ಪಿಸಿದೆ. ಆಮ್ಲವೆಂದರೆ ಪ್ರೋಟಾನ್ ಕೊಡುವ ವಸ್ತು, ಇತ್ಯಾದಿ.

"ಇದು ಪುಸ್ತಕ ಹೇಳ್ತು. ನೀನು ಹೇಳು."

"ಪುಸ್ತಕದಾಗ ಇದ್ದದ್ದ ಹೇಳೀನ್ರಿ. ಬ್ಯಾರೆ ಏನ್ ಹೇಳ್ಬೇಕ್ರಿ?" ಎಂದೆ, ಮೂಗಿನ ತುದಿಯಲ್ಲಿ ಸಿಟ್ಟು. ಇವಳ ಕತೆ ಮುಗಿಯಿತು ಎಂದು ಅಪ್ಪ ತಲೆ ತಗ್ಗಿಸಿದ. ಅವರು ನಕ್ಕರು. "ಸಿಟ್ಟು ಬಂತಲ್ಲ, ಹಾಗಾದ್ರೆ ಕಲೀತೀಯಾ" ಎಂದರು. ಶೇಟ್‌ಗೆ ಹೇಳಿ ನನ್ನನ್ನು ಸೇರಿಸಿಕೊಂಡರು. ಶೇಟ್ ಮೂಗು ಮುರಿದ. ಆ ಲ್ಯಾಬಿನಲ್ಲಿ ಅದುವರೆಗೆ ಹೆಣ್ಣಿನ ನೆರಳು ಬಿದ್ದಿರಲಿಲ್ಲ. ಆರು ತಿಂಗಳು ಟ್ರಯಲ್, ಈ ಹುಡುಗಿ ನಿಂತರೆ ಸರಿ, ಇಲ್ಲವಾದರೆ ಇವಳೂ ಬೇಡ, ಮುಂದೆ ಇನ್ನೊಬ್ಬಳೂ ಬೇಡ ಎಂಬ ಕರಾರು. ಅಪ್ಪ ಮಾತ್ರ ನಮ್ಮ ಚಾಳಿನ ಎಲ್ಲ ಬಾಗಿಲುಗಳಿಗೂ ಹೋಗಿ ಮಗಳು ಲ್ಯಾಬ್ ಆಫೀಸರ್ ಆದಳೆಂದು ಪೇಢೆ ಹಂಚಿಬಿಟ್ಟಿದ್ದ. ಐವತ್ತೈದರ ಮೊಣಕಾಲು ಹೊತ್ತುಕೊಂಡು ಇನ್ನೂ ಕಟ್ಟಡದ ಬಿದಿರು ಅಟ್ಟಣಿಗೆ, ಪರಾಂಚಿ ಹತ್ತುತ್ತಿದ್ದವನ ಪೇಢೆ ಅದು. ಟ್ರಯಲ್ ಎಂಬ ಮಾತನ್ನು ಅವನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ವಿನೆಗರಿನ ಉತ್ತರ ಸಿಕ್ಕಿದ್ದು ಒಂದು ತಿಂಗಳ ನಂತರ, ಸೇತುವೆಯ ಮೇಲೆ. ಅವರು ದಾದರ್ ಮಾರ್ಕೆಟ್ಟಿಗೆ ಇಳಿದು ಒಂದು ಇಡೀ ಕುಂಬಳಕಾಯಿ, ಎರಡು ತೆಂಗಿನಕಾಯಿ ಬಟ್ಟೆಚೀಲಕ್ಕೆ ತುಂಬಿಸಿಕೊಂಡು ಬಂದಿದ್ದರು. ಸೇತುವೆಯ ನಡುಮಧ್ಯೆ ನಿಂತು ಚೀಲವನ್ನು ನನ್ನ ಕೈಗೆ ಕೊಟ್ಟರು.

"ಹಿಡ್ಕೋ. ಹೇಗಿದೆ?"

"ಕೈ ಕಡೀಲಿಕ್ಹತ್ತೇತ್ರಿ ಸರ್!"

"ಇದು ಬ್ರಾಂದಿ." ಆಮೇಲೆ ಚೀಲದ ಒಂದು ಹಿಡಿಕೆಯನ್ನು ತಾವು ಹಿಡಿದರು. "ಈಗ?"

"ಹಗುರ ಆತ್ರಿ."

"ಚೀಲ ಹಗುರ ಆಯ್ತೇನಮ್ಮಾ? ಕುಂಬಳಕಾಯಿ ಹಾಗೇ ಇದೆ. ಹಂಚಿಹೋಯ್ತು ಅಷ್ಟೆ. ಇದು ವಿನೆಗರ್."

ಹಿಂದಿನಿಂದ ಜನ ಬಂದು ನಮ್ಮ ಚೀಲಕ್ಕೆ ಡಿಕ್ಕಿ ಹೊಡೆಯುತ್ತಿದ್ದರು. "ಓ ಕಾಕಾ, ಬಾಜೂಲಾ ವ್ಹಾ ನಾ!" ಪಕ್ಕಕ್ಕೆ ಸರಿಯಿರಿ ಎಂದು ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬೈದೇ ಬೈದಳು. ಅವರಿಗೆ ಅದರ ಪರಿವೆಯೇ ಇಲ್ಲ. ಚೀಲ ತೂಗಾಡಿಸುತ್ತ ಹೇಳಿದ್ದು ಇಷ್ಟು: ಪ್ರೋಟಾನ್ ಕೊಟ್ಟುಬಿಡುವುದು ದೊಡ್ಡ ಮಾತಲ್ಲ. ಕೊಟ್ಟಮೇಲೆ ಹಿಂದೆ ಉಳಿದವನ ತಲೆಯ ಮೇಲೆ ಒಂದು ಮೈನಸ್ ಚಾರ್ಜಿನ ಭಾರ ಬೀಳುತ್ತದೆ. ಬ್ರಾಂದಿಯಲ್ಲಿ ಆ ಭಾರ ಒಂದೇ ಆಕ್ಸಿಜನ್ನಿನ ಮೇಲೆ. ಪಾಪ, ಒಬ್ಬನೇ ಹೊರಲಾರದೆ ಅದು ಕೊಟ್ಟದ್ದನ್ನು ವಾಪಸು ಕಿತ್ತುಕೊಳ್ಳುತ್ತದೆ. ವಿನೆಗರಿನಲ್ಲಿ ಪಕ್ಕದಲ್ಲೇ ಇನ್ನೊಂದು ಆಕ್ಸಿಜನ್ ಇದೆ, ಇಬ್ಬರೂ ಸಮಸಮ ಹೊರುತ್ತಾರೆ. ಹಾಗಾಗಿ ನಿಶ್ಚಿಂತೆಯಿಂದ ಕೊಡಬಲ್ಲದು.

"ಯಾರು ಕೊಡ್ತಾರೆ ಅಂತ ನೋಡ್ಬೇಡ. ಕೊಟ್ಟಮೇಲೆ ಉಳಿದೋರು ನೆಮ್ಮದಿಯಾಗಿರ್ತಾರಾ ನೋಡು. ಆಸಿಡ್ಡಿನ ಗುಟ್ಟೆಲ್ಲ ಅಲ್ಲಿದೆ" ಎಂದರು. ಮೂರು ವರ್ಷ ಕಾಲೇಜಿನ ಬೆಂಚು ಸವೆಸಿದ್ದು ಆ ಕುಂಬಳಕಾಯಿಯ ಮುಂದೆ ದಂಡ ಅನ್ನಿಸಿತು. ಅಂದು ಚೀಲವನ್ನು ಮುಲುಂಡ್ ಲೋಕಲ್‌ವರೆಗೆ ಇಬ್ಬರೂ ಹಿಡಿದುಕೊಂಡೇ ಹೋದೆವು.

ಅವರ ಹತ್ತಿರ ಒಂದು ಕೆಂಪು ರಟ್ಟಿನ ಪುಸ್ತಕವಿತ್ತು. ಲ್ಯಾಬಿನ ನಿಯಮಗಳನ್ನೆಲ್ಲ ನಂಬರು ಹಾಕಿ ಕನ್ನಡದಲ್ಲಿ ಬರೆದಿಟ್ಟಿದ್ದರು. ಯಾರೂ ಕದಿಯಬಾರದೆಂದು ಕನ್ನಡ ಎಂದು ಹೇಳಿಕೊಳ್ಳುತ್ತಿದ್ದರು. ನಿಜವಾಗಿ, ಕನ್ನಡ ಬರೆಯಲು ಅವರಿಗೆ ಬೇರೆ ಜಾಗವೇ ಇರಲಿಲ್ಲ. ಮನೆಯಲ್ಲಿ ಮಕ್ಕಳು ಅಪ್ಪನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದವು. ಕಾರ್ಖಾನೆಯಲ್ಲಿ ಆ ಪುಸ್ತಕ ಓದಬಲ್ಲವರು ಅವರೊಬ್ಬರು, ನಾನೊಬ್ಬಳು.

ನನ್ನ ಟ್ರಯಲ್ ಮುಗಿಯಲು ಒಂದು ವಾರವಿದ್ದಾಗ ಹೊಸ ಗಿರಾಕಿಗೆಂದು ಒಂದು ಮಾದರಿ ತಯಾರಾಗುತ್ತಿತ್ತು. ಫೀನಾಲಿನ ಜಾತಿಯ ಸರಕು. ಫೀನಾಲ್ ಎಂದರೆ ಆರು ಕಾರ್ಬನ್ನುಗಳ ಉಂಗುರ, ಅದಕ್ಕೊಂದು ಆಕ್ಸಿಜನ್, ಹೈಡ್ರೋಜನ್. ಈ ಸರಕಿನ ಉಂಗುರಕ್ಕೆ ಎರಡು ಕ್ಲೋರಿನ್, ಎದುರು ತುದಿಗೆ ಒಂದು ನೈಟ್ರೋ ಗುಂಪು ಬೇರೆ ಇತ್ತು. ಅದರೊಳಗೆ ಸೇರಿಕೊಂಡಿದ್ದ ಆಮ್ಲದ ಕಶ್ಮಲವನ್ನು ತೆಗೆಯುವ ಕೆಲಸ ನನ್ನದು. ಅವರು ಅಂದು ಶೇಟ್‌ನ ಜೊತೆ ಗೋಡೌನಿಗೆ ಹೋಗಿದ್ದರು. ಹೋಗುವಾಗ "ಹದಿನಾಲ್ಕನೇ ರೂಲ್ ಓದ್ಕೊಂಡು ಮಾಡು" ಎಂದು ಕೆಂಪು ಪುಸ್ತಕ ಕೊಟ್ಟಿದ್ದರು. ಓದಿದೆ. "ಆಮ್ಲವಿದ್ದರೆ ಅಡುಗೆ ಸೋಡಾದ ನೀರಿಗೆ ಹೋಗುತ್ತದೆ. ಫೀನಾಲ್ ಹೋಗುವುದಿಲ್ಲ, ದ್ರಾವಕದಲ್ಲೇ ಉಳಿಯುತ್ತದೆ." ಪುಟದ ಕೊನೆಯ ಸಾಲು, ಮುಂದೆ ಪೂರ್ಣವಿರಾಮ. ನನಗೆ ಇನ್ನೇನು ಬೇಕು?

ಸೋಡಾ ನೀರು ಹಾಕಿ ಕುಲುಕಿದೆ. ನೀರು ಅರಿಸಿನದ ನೀರಿನಂತೆ ಹಳದಿಯಾಯಿತು. ಆಹಾ, ಎಷ್ಟು ಕೊಳೆ ಹೋಗುತ್ತಿದೆ ಎಂದು ಹಿಗ್ಗಿದೆ. ಹಳದಿ ನಿಲ್ಲುವವರೆಗೆ ನಾಲ್ಕು ಸಲ ತೊಳೆದೆ. ಹಳದಿ ನೀರನ್ನೆಲ್ಲ ಕ್ಯಾನಿಗೆ ಸುರಿದು, ದ್ರಾವಕವನ್ನು ಬಟ್ಟಿಗೆ ಇಟ್ಟು ಆವಿಮಾಡಿದೆ. ಕೊನೆಗೆ ಫ್ಲಾಸ್ಕಿನ ತಳ ನೋಡಿದರೆ ಒಂದು ಚಿಟಿಕೆ ನಶ್ಯದಷ್ಟು ಪುಡಿ. ಮೂರು ವಾರದ ಸರಕು ಮಾಯ.

ಕ್ಯಾನಿಟ್ಟ ಜಾಗಕ್ಕೆ ಓಡಿದೆ, ಕ್ಯಾನಿಲ್ಲ. ಸಖಾರಾಮ್ ಎಂಬ ಹಳೆಯ ಕೆಲಸಗಾರ ಎಲ್ಲ ಕ್ಯಾನುಗಳನ್ನೂ ಹಿತ್ತಲ ಮೋರಿಗೆ ಸಾಗಿಸಿದ್ದ. ಹಿತ್ತಲಿಗೆ ಓಡಿದೆ. ಮೋರಿಯ ಪಕ್ಕ ಖಾಲಿ ಕ್ಯಾನುಗಳ ರಾಶಿ. ಒಂದೇ ಒಂದು ತುಂಬಿದ ಕ್ಯಾನು ಬೇರೆಯಾಗಿ ನಿಂತಿತ್ತು, ಸಖಾರಾಮ್ ಅದರ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ.

"ಹೆ ನಾಹೀ ಓತಲಂ, ತಾಯಿ," ಇದನ್ನು ಸುರಿಯಲಿಲ್ಲ ಎಂದ. "ಕಾಕಾಚೀ ಟಿಕ್ ನಾಹೀ ನಾ."

ಕಾಕಾನ ಟಿಕ್ ಇಲ್ಲವಲ್ಲ! ನಾನು ಆ ಕ್ಯಾನನ್ನು ತಬ್ಬಿಕೊಂಡೆ. ಸಖಾರಾಮ್‌ಗೆ ನನ್ನ ತಲೆ ಕೆಟ್ಟಿತೆಂದೇ ಅನ್ನಿಸಿರಬೇಕು.

ಅಷ್ಟರಲ್ಲಿ ಅವರು ಬಂದರು. ಹಳದಿ ನೀರು ನೋಡಿದರು, ನನ್ನ ಮುಖ ನೋಡಿದರು. ಒಂದು ಬೀಕರಿಗೆ ಅಷ್ಟು ನೀರು ಬಗ್ಗಿಸಿ, ತೆಳು ಆಸಿಡ್ಡನ್ನು ಹನಿಹನಿಯಾಗಿ ಬಿಡತೊಡಗಿದರು. ಸೋಡಾ ಬುಸಬುಸ ನೊರೆಯೆದ್ದಿತು. ನೊರೆ ಇಳಿದಂತೆ ಹಳದಿ ತೆಳುವಾಯಿತು. ಮತ್ತೆ ನಾಲ್ಕು ಹನಿ. ತಿಳಿನೀರಿನೊಳಗೆ ಎಲ್ಲಿಂದಲೋ ಬೆಳ್ಳನೆಯ ಪುಡಿ ಹುಟ್ಟಿ ಮೆಲ್ಲಗೆ ಕೆಳಗಿಳಿಯಿತು. ಹಾಲು ಒಡೆದದ್ದನ್ನು ನೋಡಿ ನನ್ನಷ್ಟು ಖುಷಿಪಟ್ಟವಳು ಪ್ರಪಂಚದಲ್ಲಿ ಇನ್ನೊಬ್ಬಳಿರಲಾರಳು.

"ಕಳ್ಕೊಂಡಿದ್ದ ಪ್ರೋಟಾನ್ ವಾಪಸ್ ಕೊಟ್ವಿ, ಮನೆಗೆ ಬಂತು" ಎಂದರು. "ನೀರಿಗೆ ಹೋದದ್ದೆಲ್ಲ ನೀರುಪಾಲಲ್ಲ ಕಣಮ್ಮ."

ಸರಕು ಸಿಕ್ಕಿತು. ಆದರೆ ಕ್ಯಾನಿನ ನೀರನ್ನೆಲ್ಲ ಸೋಸಿ, ಮತ್ತೆ ಶುದ್ಧಮಾಡಿ ಒಣಗಿಸಲು ಮೂರು ದಿನ ಬೇಕು. ಗಿರಾಕಿಯ ಮನುಷ್ಯ ಮಾರನೆಯ ದಿನವೇ ಮಾದರಿಗೆ ಬಂದು ಕೂತ. ಅವನನ್ನು ಬರಿಗೈಯಲ್ಲಿ ಕಳಿಸಿದ ಶೇಟ್ ಕೆಂಡವಾಗಿ ಲ್ಯಾಬಿಗೆ ನುಗ್ಗಿದ. "ಕಿಸ್ನೇ ಕಿಯಾ?" ಯಾರು ಮಾಡಿದ್ದು ಎಂದು ಗುಡುಗಿದ. ಉತ್ತರ ಅವನಿಗೆ ಗೊತ್ತೇ ಇತ್ತು, ಕಣ್ಣು ನನ್ನ ಮೇಲೆಯೇ ಇತ್ತು. ನಾನು ಎದ್ದುನಿಂತು "ಮೈಂನೇ," ನಾನೇ ಎಂದೆ. ಕಣ್ಣಮುಂದೆ ಅಪ್ಪನ ಪೇಢೆಯ ಪೊಟ್ಟಣ.

ಅವರು ಕೆಂಪು ಪುಸ್ತಕ ಎತ್ತಿಕೊಂಡರು. ಶೇಟ್‌ನ ಪಕ್ಕ ಹೋಗಿ ನಿಂತು, ಹದಿನಾಲ್ಕನೆಯ ನಿಯಮದ ಪುಟ ತೆರೆದು, ಸಾಲುಸಾಲಿಗೂ ಬೆರಳಿಟ್ಟು ಹಿಂದಿಯಲ್ಲಿ ಓದಿಹೇಳಿದರು. ಕೊನೆಯ ಸಾಲಿಗೆ ಬಂದು ಬೆರಳು ನಿಲ್ಲಿಸಿದರು.

"ಇಸ್ ಪನ್ನೇ ಪೇ ನೈಟ್ರೋ ಕಾ ನಾಮ್ ನಹೀ ಹೈ, ಶೇಟ್. ಕಿತಾಬ್ ಮೇರೀ ಹೈ. ಲಡಕೀ ನೇ ಜೋ ಪಢಾ, ವಹೀ ಕಿಯಾ." ಈ ಪುಟದಲ್ಲಿ ನೈಟ್ರೋ ಎಂಬ ಹೆಸರಿಲ್ಲ, ಪುಸ್ತಕ ನನ್ನದು, ಹುಡುಗಿ ಓದಿದ್ದನ್ನೇ ಮಾಡಿದ್ದಾಳೆ. ಆಮೇಲೆ ತಪ್ಪಿನ ವರದಿ ಬರೆದು, ನನ್ನ ರುಜುವಿನ ಪಕ್ಕ ಅಷ್ಟೇ ದೊಡ್ಡದಾಗಿ ತಮ್ಮ ರುಜು ಹಾಕಿದರು. "ಆಧೀ ಗಲತೀ ಮೇರೀ." ಅರ್ಧ ತಪ್ಪು ನನ್ನದು ಅಂತ.

ಶೇಟ್ ಆ ಕನ್ನಡದ ಪುಟವನ್ನು ಮೇಲೆ ಕೆಳಗೆ ನೋಡಿದ. ಒಂದು ಪಾಯಿಂಟಿನ ಸುಳ್ಳು ಬರೆಯದ ಮನುಷ್ಯ ಇವರು ಎಂಬುದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಇಪ್ಪತ್ತು ವರ್ಷ ದುಡಿದ ಕೆಮಿಸ್ಟರನ್ನು ತೆಗೆಯುವಂತಿಲ್ಲ. ಅರ್ಧ ತಪ್ಪಿಗೆ ಹುಡುಗಿಯನ್ನು ಮಾತ್ರ ತೆಗೆಯುವುದೂ ಚೆನ್ನಾಗಿರುವುದಿಲ್ಲ. ಏನೋ ಗೊಣಗಿಕೊಂಡು ಹೋದ. ಶನಿವಾರ ನನ್ನ ಕೈಗೆ ಕಾಯಂ ಆದ ಕಾಗದ ಬಂತು.

ಶೇಟ್ ಗುಡುಗಿದ ದಿನವೇ ಸಂಜೆ ಸೇತುವೆಯ ಮೇಲೆ ನಾನು ಕಂಬಿ ಹಿಡಿದು ಗಳಗಳ ಅತ್ತೆ. ಅವರು ಸಮಾಧಾನ ಹೇಳುವ ಜಾತಿಯವರಲ್ಲ, ಪಾಠ ಹೇಳಿದರು. ಬರೀ ಫೀನಾಲು ಸೋಡಾ ನೀರಿಗೆ ಯಾಕೆ ಹೋಗುವುದಿಲ್ಲ? ಭಾರವನ್ನು ಉಂಗುರದ ಕಾರ್ಬನ್ನುಗಳು ಕೈಯಿಂದ ಕೈಗೆ ದಾಟಿಸುತ್ತವೆ, ನಿಜ. ಆದರೆ ಲೋಕಲ್ ಗಾಡಿಯಲ್ಲಿ ನಿಂತ ಜನ ನಮ್ಮ ಚೀಲ ದಾಟಿಸಿದ ಹಾಗೆ. ಯಾರೂ ಇಟ್ಟುಕೊಳ್ಳಲು ತಯಾರಿಲ್ಲ. ನೈಟ್ರೋ ಎಂದರೆ ಕಿಟಕಿಯ ಪಕ್ಕ ಕೂತವನು. ಅವನ ಕೈಗೆ ಮೇಲಿನ ರ‍್ಯಾಕ್ ಎಟಕುತ್ತದೆ. ಅವನು ಚೀಲ ತೆಗೆದುಕೊಂಡು ಮೇಲಿಟ್ಟುಬಿಡುತ್ತಾನೆ, ಎಲ್ಲರಿಗೂ ನಿರಾಳ. ಅಂಥವನೊಬ್ಬ ಸಿಕ್ಕರೆ ಫೀನಾಲು ಕೂಡ ಆಸಿಡ್ಡಿನ ಹಾಗೆ ಧೈರ್ಯವಾಗಿ ಪ್ರೋಟಾನ್ ಕೊಡುತ್ತದೆ. "ಇದನ್ನ ಹೊಸ ಪುಸ್ತಕದಲ್ಲಿ ಬರ್ಕೋ. ಹಳೇದು ನನ್ನ ಹತ್ರ ಇರ್ಲಿ" ಎಂದರು. ಮಾರನೆಯ ದಿನ ನೀಲಿ ರಟ್ಟಿನ ಪುಸ್ತಕ ತಂದರು. ಅವರು ಹೇಳಿದರು, ನಾನು ಬರೆದೆ. ಹದಿನಾಲ್ಕನೆಯ ನಿಯಮದ ಕೆಳಗೆ ನೈಟ್ರೋದ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಎರಡು ಗೆರೆ ಎಳೆದೆ. ಪಾಪ, ಇಷ್ಟು ದೊಡ್ಡ ಮನುಷ್ಯ ಇಷ್ಟು ಚಿಕ್ಕ ವಿಷಯ ಬರೆಯಲು ಮರೆತರಲ್ಲ ಎಂದು ಒಳಗೊಳಗೇ ಕನಿಕರವನ್ನೂ ಪಟ್ಟೆ!

ಆಮೇಲೆ ಆರು ವರ್ಷ ಆ ಸೇತುವೆ ನಮ್ಮದಾಗಿತ್ತು. ಅಪ್ಪ ಪರಾಂಚಿ ಹತ್ತುವುದನ್ನು ಬಿಟ್ಟ. ಲ್ಯಾಬಿಗೆ ಇನ್ನೂ ಮೂವರು ಹೆಣ್ಣುಮಕ್ಕಳು ಬಂದರು, ಒಬ್ಬಳನ್ನಂತೂ ಶೇಟ್ ತಾನೇ ಹುಡುಕಿ ತಂದ. ಸೀಮೆಸುಣ್ಣದ ಟಿಕ್ಕನ್ನು ಅವರು ನನಗೂ ವಹಿಸಿಕೊಟ್ಟರು. ಮೊದಲ ಸಲ ಕ್ಯಾನಿಗೆ ನಾನು ಟಿಕ್ ಹಾಕಿದ ದಿನ ಸಖಾರಾಮ್ ಎಲ್ಲರಿಗೂ ಚಹಾ ಕುಡಿಸಿದ.

ತೊಂಬತ್ತರ ದಶಕದ ಮೊದಲಲ್ಲಿ ಅವರು ನಿವೃತ್ತರಾದರು. ಶಾಲು, ಗೋಡೆ ಗಡಿಯಾರ, ಶೇಟ್‌ನ ಭಾಷಣ, ಎಲ್ಲ ಕ್ರಮಪ್ರಕಾರ. ಭಾಷಣ ನಡೆಯುತ್ತಿದ್ದಾಗಲೇ ಅವರು ತಮ್ಮ ಕಪಾಟಿನ ಕೀಲಿಯನ್ನು ನನ್ನ ಕೈಗೆ ತುರುಕಿ, ಖಾಲಿ ಮಾಡು, ಇನ್ನು ನಿನ್ನದು ಎಂದು ಪಿಸುಗುಟ್ಟಿದ್ದರು. ಸಂಜೆ ಖಾಲಿ ಮಾಡುವಾಗ ಕೆಳಗಿನ ಅರೆಯಲ್ಲಿ ಹಳೆಯ ಏಪ್ರನ್ನಿನ ಅಡಿ ಕೆಂಪು ಪುಸ್ತಕ ಸಿಕ್ಕಿತು. ಸುಮ್ಮನೆ ಹದಿನಾಲ್ಕನೆಯ ನಿಯಮಕ್ಕೆ ಹೋದೆ. ಅದೇ ಪುಟ, ಅದೇ ಕೊನೆಯ ಸಾಲು. ಮಗುಚಿದೆ.

ಹಿಂಬದಿಯಲ್ಲಿ, ಅದೇ ಮಾಸಿದ ಶಾಯಿಯಲ್ಲಿ, ಅವರ ಗುಂಡು ಅಕ್ಷರ: "ಆದರೆ ಉಂಗುರಕ್ಕೆ ನೈಟ್ರೋ ಇದ್ದರೆ ಈ ಮಾತು ನಂಬಬೇಡಿ. ಅಂಥ ಫೀನಾಲ್ ಆಮ್ಲದ ಹಾಗೆಯೇ ನೀರಿಗೆ ಹೋಗುತ್ತದೆ. ಹಳದಿ ಬಂದರೆ ಅದೇ. ಚೆಲ್ಲಬೇಡಿ." ಅದರ ಕೆಳಗೇ ಹದಿನೈದನೆಯ ನಿಯಮ ಶುರುವಾಗಿತ್ತು. ಆಮೇಲೆ ಸೇರಿಸಿದ್ದಲ್ಲ, ಮೊದಲಿನಿಂದಲೂ ಇದ್ದದ್ದು. ಅವರು ಏನನ್ನೂ ಮರೆತಿರಲಿಲ್ಲ. ತಪ್ಪು ಅರ್ಧವಲ್ಲ, ಪೂರಾ ನನ್ನದೇ. ಇಡೀ ಕಾರ್ಖಾನೆಯಲ್ಲಿ ಆ ಪುಟ ಓದಬಲ್ಲ ಇನ್ನೊಬ್ಬಳು ನಾನು; ಅದಕ್ಕೇ ಅಂದು ಅವರು ನನಗೆ ಕಾಣದ ಹಾಗೆ ಶೇಟ್‌ನ ಪಕ್ಕ ಹೋಗಿ ನಿಂತು ಓದಿದ್ದರು. ಆರು ವರ್ಷ ಅವರ ಮೇಲೆ ಒಳಗೊಳಗೇ ನಾನು ಪಟ್ಟ ಕನಿಕರ ನೆನೆದು ನಾಚಿಕೆಯಾಯಿತು.

ಅಂದು ಸೇತುವೆಯ ಮೇಲೆ ಅವರು ಕಂಕುಳಲ್ಲಿ ಗಡಿಯಾರ ಇಟ್ಟುಕೊಂಡು ನಡೆಯುತ್ತಿದ್ದರು. ಕುಂಬಳಕಾಯಿಯ ಜಾಗ ಬಂದಾಗ ಅಡ್ಡ ನಿಂತೆ. ಪುಸ್ತಕ ತೆರೆದು, ಆ ಹಾಳೆ ಮಗುಚಿ, ಅವರ ಮುಖಕ್ಕೆ ಹಿಡಿದೆ.

"ಸುಳ್ಳ ಯಾಕ ಹೇಳಿದ್ರಿ ಸರ್?"

"ಸುಳ್ಳೆಲ್ಲಮ್ಮಾ? ಆ ಪುಟದಲ್ಲಿ ನೈಟ್ರೋ ಇಲ್ಲ ಅಂದೆ. ಇರ್ಲಿಲ್ಲ."

"ಅರ್ಧ ತಪ್ಪ ನಿಮ್ದು ಅಂದ್ರಿ!"

"ಹಾಳೆ ಮಗಚು ಅಂತ ನಾನು ಹೇಳಿರ್ಲಿಲ್ವಲ್ಲ." ಗಡಿಯಾರವನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡರು. ಮತ್ತೆ ಹಾಕಿಕೊಂಡು ನನ್ನನ್ನು ನೋಡಿದಾಗ ಆ ಕಣ್ಣುಗಳಲ್ಲಿ ಎಂದೂ ಕಾಣದ ತುಂಟತನವಿತ್ತು.

"ಒಂದು ಹಾಳೆ ಮಗಚೋಕೆ ಆರು ವರ್ಷ ತಗೊಂಡೆಯಲ್ಲೇ, ಆಫೀಸರಮ್ಮಾ" ಎಂದು ನಕ್ಕು, ಗಡಿಯಾರದ ಒಂದು ತುದಿ ತಾವು ಹಿಡಿದರು.